ಸ್ಯಾಡಲ್ ಬೇಟೆಗೆ ಯಾವ ಹಗ್ಗ? ಮರ ಹತ್ತುವ, ಇಳಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೊಂಟಕ್ಕೆ ಸ್ಯಾಡಲ್ ಅನ್ನುವ ಪಟ್ಟಿಯ ಆಸನ ಕಟ್ಟಿಕೊಂಡು, ಮರದ ಕಾಂಡಕ್ಕೆ ಹಗ್ಗದಲ್ಲಿ ಒರಗಿ ಕಾಯುವ ಈ ಬೇಟೆ ಹೆಚ್ಚಾಗಿ ಅಮೆರಿಕದ್ದು. ಬಿಲ್ಲು ಹಿಡಿದು ಬಿಳಿಬಾಲದ ಜಿಂಕೆಗೆ ಕಾಯುವವರು ಇದನ್ನು ಜಾಸ್ತಿ ಬಳಸುತ್ತಾರೆ. ಹೊಸಬರು ನನ್ನನ್ನು ಕೇಳುವುದು ಸ್ಯಾಡಲ್ ಬಗ್ಗೆ ಕಡಿಮೆ, ಹಗ್ಗದ ಬಗ್ಗೆಯೇ ಜಾಸ್ತಿ. ಅದು ಸರಿಯೇ. ಕೂತಿರುವುದು ಸ್ಯಾಡಲ್‌ನಲ್ಲಾದರೂ ಜೀವ ಇರುವುದು ಹಗ್ಗದಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹತ್ತುವುದಕ್ಕೆ ಹಗ್ಗ ಆರಿಸುತ್ತಾರೆ. ನಾನು ಇಳಿಯುವುದಕ್ಕೆ ಆರಿಸುತ್ತೇನೆ. ಹತ್ತುವಾಗ ಮೈ ಬೆಚ್ಚಗಿರುತ್ತದೆ, ತಲೆ ಚುರುಕಾಗಿರುತ್ತದೆ. ನಾಲ್ಕು ಗಂಟೆ ಚಳಿಯಲ್ಲಿ ಅಲುಗಾಡದೆ ಕೂತು, ಕತ್ತಲಾದ ಮೇಲೆ ಇಳಿಯಲು ಹೊರಟಾಗ ಬೆರಳು ಮರಗಟ್ಟಿರುತ್ತವೆ. ಗಂಟು ಕಣ್ಣಿಗೆ ಕಾಣುವುದಿಲ್ಲ, ಮನೆ ಸೇರುವ ಅವಸರ ಬೇರೆ. ಆ ಹೊತ್ತಿನಲ್ಲಿ ಯಾವುದು ಸುಲಭವೋ ಅದೇ ನಿಮ್ಮ ಹಗ್ಗ.

ಒಟ್ಟು ಎಷ್ಟು ಹಗ್ಗ ಬೇಕು? ಯಾವುದರ ಕೆಲಸ ಏನು?

ಕನಿಷ್ಠ ಮೂರು. ಮೊದಲನೆಯದು ಲೈನ್‌ಮನ್ ಹಗ್ಗ. ಸ್ಯಾಡಲ್‌ನ ಎಡಬಲದ ಕುಣಿಕೆಗಳಿಂದ ಹೊರಟು ಕಾಂಡವನ್ನು ಸುತ್ತಿ ಬರುತ್ತದೆ. ವಿದ್ಯುತ್ ಕಂಬ ಹತ್ತುವವರ ಸೊಂಟದ ಹಗ್ಗದ ಹಾಗೇ. ಹತ್ತುವಾಗ ಎರಡೂ ಕೈ ಬಿಡಬೇಕೆಂದರೆ ಇದೇ ಆಸರೆ.

ಎರಡನೆಯದು ಟೆದರ್. ಮೇಲೆ ಹೋದ ಮೇಲೆ ಕಾಂಡಕ್ಕೆ ಜೀರುಕುಣಿಕೆಯಾಗಿ ಬಿಗಿದು ಅದರಲ್ಲೇ ಜೋತು ಕೂರುವುದು. ಪ್ಲಾಟ್‌ಫಾರ್ಮ್, ಅಂದರೆ ಕಾಂಡಕ್ಕೆ ಬಿಗಿದ ಸಣ್ಣ ಕಾಲುಹಲಗೆಯ ಮೇಲೆ ನಿಂತಾಗ ಹಣೆಯ ಮಟ್ಟಕ್ಕೋ ಅದಕ್ಕೂ ಸ್ವಲ್ಪ ಮೇಲೋ ಇದನ್ನು ಕಟ್ಟುತ್ತಾರೆ.

ಮೂರನೆಯದು ಬ್ರಿಜ್, ಅಂದರೆ ಸ್ಯಾಡಲ್‌ನ ಎರಡು ಬದಿಗಳ ನಡುವೆ ಹೊಟ್ಟೆಯ ಮುಂದೆ ಇರುವ ಗಿಡ್ಡ ಹಗ್ಗ. ಟೆದರ್‌ನ ಕ್ಯಾರಬೀನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ) ಇದರ ಮೇಲೆ ಅತ್ತಿಂದಿತ್ತ ಜಾರುತ್ತದೆ. ಸ್ಯಾಡಲ್ ಜೊತೆಗೇ ಬರುವುದರಿಂದ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಪ್ರತಿ ಸಲ ಉಜ್ಜಿಸಿಕೊಳ್ಳುವುದು ಇದೇ. ಹಗ್ಗ ನೋಡುವ ದಿನ ಇದನ್ನೇ ಮೊದಲು ನೋಡಿ.

ಹಗ್ಗದಲ್ಲೇ ಇಳಿಯುವವರಿಗೆ ನಾಲ್ಕನೆಯದು, ಉದ್ದದ ಹಗ್ಗ.

8 ಮಿ.ಮೀ. ಒಳ್ಳೆಯದಾ, 11 ಮಿ.ಮೀ. ಒಳ್ಳೆಯದಾ?

ಮೊದಲ ಸಲ ಕೊಳ್ಳುತ್ತಿದ್ದರೆ 11. ಕಾರಣ ಬಲ ಅಲ್ಲ, ಹಿಡಿತ. 11 ಮಿ.ಮೀ. ಹಗ್ಗ ಮುಷ್ಟಿ ತುಂಬುತ್ತದೆ. ಗ್ಲೋವ್ಸ್ ಹಾಕಿಕೊಂಡಿದ್ದರೂ ಹಿಡಿಯಬಹುದು, ಗಂಟು ಬಿಗಿದರೂ ಬಿಚ್ಚಬಹುದು. ಇಳಿಯುವ ಸಾಧನಗಳಲ್ಲಿ ಹೆಚ್ಚಿನವು ಈ ಗಾತ್ರದ ಆಸುಪಾಸಿಗೇ ಮಾಡಿದವು.

8 ಮಿ.ಮೀ. ಹಗುರ. ಸುತ್ತಿಟ್ಟರೆ ಸ್ಯಾಡಲ್‌ನ ಚೀಲದಲ್ಲಿ ಜಾಗ ಉಳಿಯುತ್ತದೆ. ಎರಡು ಮೈಲಿ ನಡೆದು ಹೋಗುವವರಿಗೆ ಇದರ ಬೆಲೆ ಗೊತ್ತು. ಬಲದಲ್ಲೂ ಒಳ್ಳೆಯ 8 ಮಿ.ಮೀ. ಹಗ್ಗಗಳು ಹಿಂದೆ ಬಿದ್ದಿಲ್ಲ. ಆದರೆ ತೆಳು ಹಗ್ಗ ಸಾಧನದೊಳಗೆ ಬೇಗ ಜಾರುತ್ತದೆ, ಸವೆತಕ್ಕೆ ಉಳಿಕೆ ಕಡಿಮೆ, ಬರಿಗೈಯಲ್ಲಿ ಹಿಡಿದರೆ ಕೊರೆಯುತ್ತದೆ.

ಬಲದ ಲೆಕ್ಕ ನೋಡುವುದಾದರೆ ಲೇಬಲ್ ಮೇಲೆ ಕಿಲೋನ್ಯೂಟನ್ ಅಂಕಿ ಇರುತ್ತದೆ. 1 ಕಿಲೋನ್ಯೂಟನ್ ಅಂದರೆ ಸುಮಾರು 102 ಕೆ.ಜಿ. ತೂಕ. ಯುರೋಪಿನ ಇಎನ್ 1891 ಮಾನದಂಡ 'ಎ' ದರ್ಜೆಯ ಹಗ್ಗಕ್ಕೆ ಕನಿಷ್ಠ 22 ಕಿಲೋನ್ಯೂಟನ್, 'ಬಿ' ದರ್ಜೆಗೆ 18 ಕೇಳುತ್ತದೆ. ಗಂಟು ಹಾಕಿದ ಕೂಡಲೇ ಇದರಲ್ಲಿ ಒಂದು ಪಾಲು ಹೋಗುತ್ತದೆ. ಗಂಟಿನ ಜಾತಿ ನೋಡಿಕೊಂಡು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅಂತ ಇಟ್ಟುಕೊಳ್ಳಿ. ಆದರೂ ನೀವು ಬರೀ ಕೂತಿರುವಾಗ ಬೀಳುವ ಭಾರ 1 ಕಿಲೋನ್ಯೂಟನ್‌ನ ಆಸುಪಾಸು. ಹಗ್ಗ ಭಾರಕ್ಕೆ ತುಂಡಾಗುವುದು ಅಪರೂಪ. ಚೂಪು ಅಂಚು, ಸವೆತ, ತಪ್ಪು ಗಂಟು, ಸಾಧನಕ್ಕೆ ಹೊಂದದ ಗಾತ್ರ, ಇವುಗಳಿಗೆ ಹೆದರಿ.

ಬಂಡೆ ಹತ್ತುವ ಹಳೇ ಹಗ್ಗ ಮನೆಯಲ್ಲಿದೆ. ಅದೇ ಆಗುತ್ತಾ?

ಬೇಡ. ಅದು ಹಿಗ್ಗುವ ಹಗ್ಗ. ಬಿದ್ದವರನ್ನು ಮೆತ್ತಗೆ ಹಿಡಿಯಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅಂಥ ಹಗ್ಗ ಒಬ್ಬರ ಭಾರಕ್ಕೆ ನೂರಕ್ಕೆ 8ರಷ್ಟು ಹಿಗ್ಗಿತು ಅಂದುಕೊಳ್ಳಿ. 25 ಅಡಿ ಹಗ್ಗದಲ್ಲಿ ಅದು 2 ಅಡಿ. ಹಗ್ಗದಲ್ಲಿ ಮೇಲೇರುವಾಗ ಮೊದಲ ಎರಡು ಅಡಿ ಸುಮ್ನೆ ಗಾಳಿಯಲ್ಲಿ ಕಾಲಾಡಿಸಿದಂತೆ.

ನಮಗೆ ಬೇಕಾದದ್ದು ಹಿಗ್ಗದ, ಅಂದರೆ ಸ್ಟ್ಯಾಟಿಕ್ ಹಗ್ಗ. ಹೊರಗೆ ಹೆಣೆದ ಕವಚ, ಒಳಗೆ ತಿರುಳು. ಪಾಲಿಯೆಸ್ಟರ್ ಆದರೆ ಇನ್ನೂ ಒಳ್ಳೆಯದು, ನೀರು ಅಷ್ಟಾಗಿ ಕುಡಿಯುವುದಿಲ್ಲ. ನೈಲಾನ್ ಒದ್ದೆಯಾದರೆ ಬಲದಲ್ಲೂ ಸ್ವಲ್ಪ ಕುಗ್ಗುತ್ತದೆ.

ಹಿಗ್ಗದ ಹಗ್ಗಕ್ಕೆ ಒಂದು ಷರತ್ತಿದೆ. ಅದರಲ್ಲಿ ಸಡಿಲ ಬಿಡಲೇಬಾರದು. ಟೆದರ್ ಕಟ್ಟಿದ ಮಟ್ಟಕ್ಕಿಂತ ಸೊಂಟ ಮೇಲೆ ಹೋದರೆ, ಕಾಲು ಜಾರಿದ ಕ್ಷಣದಲ್ಲಿ ಆ ಪೆಟ್ಟು ಪೂರ್ತಿ ಮೈಗೆ ಬರುತ್ತದೆ. ಎರಡು ಅಡಿ ಬಿದ್ದರೂ ಸೊಂಟ ಮುರಿದ ಹಾಗಾಗುತ್ತದೆ. ಹತ್ತುತ್ತಾ ಹೋದ ಹಾಗೆ ಹಗ್ಗವನ್ನೂ ಮೇಲೆ ಸರಿಸುತ್ತಾ ಇರಿ.

ಡೈನೀಮಾ ಹಗ್ಗ ಉಕ್ಕಿಗಿಂತ ಗಟ್ಟಿ ಅಂತಾರಲ್ಲ, ಎಲ್ಲದಕ್ಕೂ ಅದನ್ನೇ ಬಳಸಿದರೆ?

ಡೈನೀಮಾ ಒಂದು ಬಗೆಯ ಕೃತಕ ನಾರು. ತೂಕಕ್ಕೆ ತೂಕ ನೋಡಿದರೆ ನಿಜ. ಆಮ್‌ಸ್ಟೀಲ್ ಅನ್ನುವ ಹಗ್ಗ ಈ ಜಾತಿಯದು. ಬ್ರಿಜ್‌ಗೆ, ಸ್ಟಿಕ್ (ಕಾಂಡಕ್ಕೆ ಕಟ್ಟಿ ಹತ್ತುವ ಮೆಟ್ಟಿಲಿನ ಕೋಲು) ಕಟ್ಟುವುದಕ್ಕೆ, ಕಾಲು ಮೆಟ್ಟಿಲಿಗೆ ಚೆನ್ನಾಗಿದೆ. ಆದರೆ ಎಣ್ಣೆ ಸವರಿದ ಹಾಗೆ ನುಣುಪು. ಸಾಮಾನ್ಯ ಗಂಟು ಹಾಕಿದರೆ ಜಾರಿ ಬಿಚ್ಚಿಕೊಳ್ಳಬಹುದು. ಹಗ್ಗದ ತುದಿಯನ್ನು ಅದರದೇ ಹೊಟ್ಟೆಯೊಳಗೆ ತೂರಿಸಿ ಕುಣಿಕೆ ಮಾಡಬೇಕು. ಜೊತೆಗೆ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಪಾಲಿಯೆಸ್ಟರ್ ಕರಗಲು 250ರ ಮೇಲೆ ಬೇಕು. ಹಗ್ಗದ ಮೇಲೆ ಹಗ್ಗ ಉಜ್ಜಿದರೆ ಎಷ್ಟು ಬಿಸಿಯಾಗುತ್ತದೆ ಅಂತ ಅಂಗೈ ಸುಟ್ಟುಕೊಂಡವರಿಗೆ ಗೊತ್ತು. ಹಾಗಾಗಿ ಇಳಿಯುವ ಹಗ್ಗವಾಗಿ ಬೇಡ, ಮುಂದೆ ಹೇಳುವ ಪ್ರೂಸಿಕ್ ಗಂಟು ಕಟ್ಟಲೂ ಬೇಡ.

ಪ್ರೂಸಿಕ್ ಗಂಟು ಸಾಕಾ, ಲೋಹದ ಸಾಧನ ಬೇಕಾ?

ಪ್ರೂಸಿಕ್ ಅಂದರೆ ದೊಡ್ಡ ಹಗ್ಗದ ಮೇಲೆ ಸಣ್ಣ ಹುರಿಯನ್ನು ಸುತ್ತಿ ಹಾಕುವ ಗಂಟು. ಭಾರ ಬಿದ್ದರೆ ಕಚ್ಚುತ್ತದೆ, ಭಾರ ತೆಗೆದರೆ ಸರಿಯುತ್ತದೆ. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಬರೆದು ತೋರಿಸಿದ. ಅಲ್ಲಿಂದ ಇಲ್ಲಿಯವರೆಗೂ ಇದಕ್ಕಿಂತ ಹಗುರ, ಅಗ್ಗ, ಸದ್ದಿಲ್ಲದ ಸಾಧನ ಬಂದಿಲ್ಲ.

ಸಣ್ಣ ಹುರಿಯ ದಪ್ಪ ದೊಡ್ಡ ಹಗ್ಗದ ಶೇ. 60ರಿಂದ 80ರ ನಡುವೆ ಇರಲಿ. 11ಕ್ಕೆ 8, 8ಕ್ಕೆ 6. ತೀರಾ ತೆಳುವಾದರೆ ಕಚ್ಚಿಕೊಂಡು ಬಿಡುವುದೇ ಇಲ್ಲ. ಒಂದೇ ದಪ್ಪವಾದರೆ ಕಚ್ಚುವುದೇ ಇಲ್ಲ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಕೂತಿವೆಯಾ ಅಂತ ನೋಡಿ, ಗಂಟಿನ ಎರಡೂ ಬಾಲ ಉದ್ದಕ್ಕೆ ಬಿಡಿ.

ತೊಂದರೆ ಒಂದೇ. ಎರಡು ಕೈ ಬೇಕು, ಅಥವಾ ಒಂದು ಕೈಗೆ ಒಳ್ಳೆಯ ಅಭ್ಯಾಸ ಬೇಕು. ಅದಕ್ಕೇ ಲೈನ್‌ಮನ್ ಹಗ್ಗದ ಮೇಲೆ ರೋಪ್‌ಮ್ಯಾನ್ ಅಥವಾ ಕಾಂಗ್ ಡಕ್ ಅನ್ನುವ ಸಣ್ಣ ಲೋಹದ ಸಾಧನ ಹಾಕುತ್ತಾರೆ. ಹಗ್ಗ ಎಳೆದರೆ ಬಿಗಿಯಾಗುತ್ತದೆ, ಅಷ್ಟೇ ಕೆಲಸ. ಲೈನ್‌ಮನ್‌ಗೆ ನನಗೂ ಇದೇ ಇಷ್ಟ. ಟೆದರ್‌ಗೆ ಮಾತ್ರ ಯೋಚಿಸಿ. ಮೈಭಾರ ಪೂರ್ತಿ ಬಿದ್ದಿರುವಾಗ ಇವನ್ನು ಸಡಿಲಿಸುವುದು ಕಷ್ಟ, ಮೊದಲು ಕಾಲೂರಿ ಭಾರ ತೆಗೆಯಬೇಕು. ಹಲ್ಲಿರುವ ಸಾಧನಗಳಿಗೆ ಇನ್ನೊಂದು ದೋಷ. ಜೋರು ಜಗ್ಗು ಬಿದ್ದರೆ ಹಲ್ಲು ಕವಚವನ್ನೇ ಹರಿಯಬಹುದು.

ಹತ್ತುವುದಕ್ಕೆ ಎಷ್ಟು ದಾರಿಗಳಿವೆ? ನನಗೆ ಯಾವುದು?

ಮೂರು ನಾಲ್ಕು ಸ್ಟಿಕ್ ಕಟ್ಟಿಕೊಂಡು, ಲೈನ್‌ಮನ್ ಹಗ್ಗದ ಆಸರೆಯಲ್ಲಿ ಹತ್ತುವುದು ಎಲ್ಲಕ್ಕಿಂತ ಸರಳ. ಹೊತ್ತು ನಡೆಯುವುದು ಭಾರ, ಅಷ್ಟೇ.

ಒಂದೇ ಸ್ಟಿಕ್‌ನಲ್ಲಿ ಹತ್ತುವುದು ಈಗ ಬಹಳ ಜನರಿಗೆ ಇಷ್ಟ. ಸ್ಟಿಕ್‌ನ ತುದಿಯಲ್ಲಿ ನಿಂತು ಟೆದರ್ ಮೇಲೆ ಸರಿಸಿ, ಅದರಲ್ಲಿ ಜೋತು, ಕೆಳಗಿನ ಸ್ಟಿಕ್ ಬಿಚ್ಚಿ ಮೇಲೆ ಕಟ್ಟಿ, ಮತ್ತೆ ಹತ್ತಬೇಕು. ಟೆದರ್ ಸರಿಸುವ ಹೊತ್ತಿನಲ್ಲಿ ಲೈನ್‌ಮನ್ ಹಗ್ಗ ನಿಮ್ಮನ್ನು ಹಿಡಿದಿರುತ್ತದೆ. ಇದರಲ್ಲಿ ಇಳಿಯಲು ಸ್ಟಿಕ್‌ಗಳ ಸಾಲು ಇರುವುದಿಲ್ಲ. ಹಗ್ಗದಲ್ಲೇ ಇಳಿಯಬೇಕು. ಹಾಗಾಗಿ ಗಿಡ್ಡ ಟೆದರ್ ಬದಲು ಉದ್ದದ ಇಳಿಯುವ ಹಗ್ಗವನ್ನೇ ಟೆದರ್ ಮಾಡಿಕೊಂಡು, ಉಳಿದ ಬಾಲವನ್ನು ಸೊಂಟದ ಚೀಲದಲ್ಲಿ ತುರುಕಿಕೊಳ್ಳುತ್ತಾರೆ. ನಾನು ಮಾಡುವುದೂ ಇದನ್ನೇ. ಹತ್ತಿದ ಹಗ್ಗ, ಕೂತ ಹಗ್ಗ, ಇಳಿಯುವ ಹಗ್ಗ ಎಲ್ಲಾ ಒಂದೇ. ಕತ್ತಲಲ್ಲಿ ಒಂದು ಬಿಚ್ಚಿ ಇನ್ನೊಂದು ಕಟ್ಟುವ ಪಾಡಿಲ್ಲ.

ಎರಡು ಟೆದರ್‌ನಲ್ಲಿ ಹತ್ತುವುದೂ ಉಂಟು. ಒಂದರಲ್ಲಿ ಸೊಂಟ, ಇನ್ನೊಂದರಲ್ಲಿ ಕಾಲು. ಕಂಬಳಿಹುಳ ಹತ್ತಿದ ಹಾಗೆ. ಸ್ಟಿಕ್‌ನ ಭಾರವೇ ಇಲ್ಲ, ಆದರೆ ಬೆವರು ಜಾಸ್ತಿ. ಚಳಿಯಲ್ಲಿ ಬೆವರಿ ಕೂರುವುದು ಯಾರಿಗೆ ಬೇಕು?

ಇನ್ನೊಂದು ದಾರಿ, ಕೊಂಬೆಯ ಮೇಲೆ ಹಗ್ಗ ಎಸೆಯುವುದು. ಇಲ್ಲಿ ಒಂದು ವಿಷಯ ಗೊತ್ತಿರಲೇಬೇಕು. ಹಗ್ಗದ ಇನ್ನೊಂದು ತುದಿಯನ್ನು ಮರದ ಬೊಡ್ಡೆಗೆ ಕಟ್ಟಿ ಈ ಕಡೆಯಿಂದ ಹತ್ತಿದರೆ, ಕೊಂಬೆಯ ಮೇಲೆ ಬೀಳುವುದು ನಿಮ್ಮ ತೂಕದ ಸುಮಾರು ಎರಡರಷ್ಟು. ನೀವು ಒಂದು ಕಡೆ, ಬೊಡ್ಡೆ ಇನ್ನೊಂದು ಕಡೆ ಜಗ್ಗುತ್ತೀರಿ. ಕೆಳಗಿನಿಂದ ನೋಡಿ ಆರಿಸಿದ ಕೊಂಬೆ ಟೊಳ್ಳೋ ಗಟ್ಟಿಯೋ ಯಾರಿಗೆ ಗೊತ್ತು? ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ. ಸೀಸನ್‌ಗೆ ಮೊದಲೇ ಹಗಲಲ್ಲಿ ಮರ ನೋಡಿ, ಸಣ್ಣ ದಾರ ಬಿಟ್ಟು ಬಂದು, ಆ ದಿನ ಅದರಲ್ಲಿ ಹಗ್ಗ ಎಳೆದುಕೊಳ್ಳುವವರಿದ್ದಾರೆ. ಸರ್ಕಾರಿ ಜಮೀನಿನಲ್ಲಿ ಏನನ್ನು ಬಿಟ್ಟು ಹೋಗಬಹುದು ಅನ್ನುವ ನಿಯಮ ರಾಜ್ಯಕ್ಕೊಂದು ಥರ ಇರುತ್ತದೆ, ಮೊದಲು ನೋಡಿಕೊಳ್ಳಿ.

ಹತ್ತುವಾಗ ಕೊಂಬೆ ಅಡ್ಡ ಬಂದರೆ?

ಆ ಕೊಂಬೆಗಿಂತ ಮೇಲೆ ಕಾಂಡಕ್ಕೆ ಟೆದರ್ ಕಟ್ಟಿ, ಭಾರ ಹಾಕಿ ನೋಡಿ, ಆಮೇಲೆ ಲೈನ್‌ಮನ್ ಬಿಚ್ಚಿ ಮೇಲೆ ಹಾಕಿಕೊಳ್ಳಿ. ಯಾವ ಕ್ಷಣದಲ್ಲೂ ಒಂದು ಹಗ್ಗವಾದರೂ ಮರಕ್ಕೆ ಇರಬೇಕು. "ಒಂದೇ ನಿಮಿಷ ಅಲ್ವಾ" ಅನ್ನಿಸುವುದು ಇಲ್ಲೇ.

ಇಳಿಯಲು ಯಾವ ಸಾಧನ? ಎಂಟಂಕಿ, ಗ್ರಿಗ್ರಿ, ಸೇಫ್‌ಗಾರ್ಡ್, ಯಾವುದು?

ಇಂಗ್ಲಿಷ್ ಎಂಟರ ಆಕಾರದ ಲೋಹದ ತುಂಡು ಅಗ್ಗ, ಕೆಡುವಂಥದ್ದೇನೂ ಅದರಲ್ಲಿಲ್ಲ. ಆದರೆ ಕೈ ಬಿಟ್ಟರೆ ಅದು ನಿಲ್ಲುವುದಿಲ್ಲ. ಅದರ ಜೊತೆ ಒಂದು ಆಸರೆ ಗಂಟು ಬೇಕೇ ಬೇಕು. ಸಾಧನದ ಕೆಳಗಿನ ಹಗ್ಗಕ್ಕೆ ಸಣ್ಣ ಹುರಿಯನ್ನು ಸುತ್ತಿ ಸ್ಯಾಡಲ್‌ನ ಬದಿಯ ಕುಣಿಕೆಗೆ ಸಿಕ್ಕಿಸುತ್ತಾರೆ. ಆ ಹುರಿ ಗಿಡ್ಡಗಿರಬೇಕು. ಭಾರ ಬಿದ್ದಾಗ ಗಂಟು ಹೋಗಿ ಸಾಧನಕ್ಕೆ ತಾಗುವಷ್ಟು ಉದ್ದವಿದ್ದರೆ, ಸಾಧನವೇ ಗಂಟನ್ನು ತಳ್ಳಿ ಬಿಡಿಸುತ್ತದೆ. ಕೆಳಗೆ ಕಾಲೂರಿಕೊಂಡೇ ಇದನ್ನು ಪರೀಕ್ಷೆ ಮಾಡಿ.

ಗ್ರಿಗ್ರಿ, ಮ್ಯಾಡ್ ರಾಕ್ ಸೇಫ್‌ಗಾರ್ಡ್ ಥರದವು ತಾವೇ ಕಚ್ಚುತ್ತವೆ. ಹಿಡಿಕೆ ಎಳೆದರೆ ಇಳಿಸುತ್ತವೆ. ಇವುಗಳ ದೊಡ್ಡ ಲಾಭ ಬೇರೆಯೇ ಇದೆ. ಮೇಲೆ ಕೂತಿರುವಾಗ ಟೆದರ್ ಉದ್ದ ಹೆಚ್ಚುಕಡಿಮೆ ಮಾಡಲೂ ಅದೇ ಸಾಧನ ಸಾಕು, ಭಾರ ಇದ್ದಾಗಲೂ ಸಡಿಲಿಸಬಹುದು. ಮೂರು ಷರತ್ತು ಇವೆ. ಹಗ್ಗದ ಗಾತ್ರ ಸಾಧನದ ಮೇಲೆ ಕೆತ್ತಿದ ಮಿತಿಯೊಳಗೆ ಇರಬೇಕು. ಈಗಿನ ಗ್ರಿಗ್ರಿಗೆ ಅದು 8.5ರಿಂದ 11 ಮಿ.ಮೀ., ಅಂದರೆ 8 ಮಿ.ಮೀ. ಹಗ್ಗ ಹೊರಗೆ. ಹಗ್ಗ ಹಾಕುವ ದಿಕ್ಕು ಸರಿಯಿರಬೇಕು. ಉಲ್ಟಾ ಹಾಕಿದರೆ ಕಚ್ಚುವುದಿಲ್ಲ. ಹೆದರಿದಾಗ ಹಿಡಿಕೆಯನ್ನು ಇನ್ನೂ ಗಟ್ಟಿಯಾಗಿ ಎಳೆಯುವುದು ಮನುಷ್ಯನ ಸಹಜ ಗುಣ, ಎಳೆದರೆ ಅದು ಪೂರ್ತಿ ತೆರೆದುಕೊಳ್ಳುತ್ತದೆ. ಕೆಳಗಿನ ಹಗ್ಗವನ್ನು ಇನ್ನೊಂದು ಕೈ ಯಾವತ್ತೂ ಬಿಡಬಾರದು.

ಏನೇ ಬಳಸಿ, ಲೈನ್‌ಮನ್ ಹಗ್ಗ ಇರುವಾಗಲೇ ಇಳಿಯುವ ಸಾಧನದ ಮೇಲೆ ಪೂರ್ತಿ ಭಾರ ಹಾಕಿ. ಕಚ್ಚಿತು ಅಂತ ಖಾತ್ರಿಯಾದ ಮೇಲೆ ಲೈನ್‌ಮನ್ ಬಿಚ್ಚಿ.

ಬರೀ ಪ್ರೂಸಿಕ್ ಹಿಡಿದು ಜಾರಿಕೊಂಡು ಇಳಿಯಬಹುದಾ?

ಒಂಟಿ ಹಗ್ಗದಲ್ಲಿ ಬೇಡ. ಪೂರ್ತಿ ತೂಕ ಆ ಸಣ್ಣ ಗಂಟಿನ ಮೇಲಿರುತ್ತದೆ. ಮೊದಲು ಕದಲುವುದಿಲ್ಲ, ಕದಲಿದರೆ ಒಮ್ಮೆಲೇ ಜಾರುತ್ತದೆ, ಹುರಿ ಬಿಸಿಯಾಗಿ ಕರಗುತ್ತದೆ. ಕೊಂಬೆಯ ಮೇಲೆ ಹಾದು ಬರುವ ಜೋಡಿ ಹಗ್ಗದ ಪದ್ಧತಿಯಲ್ಲಿ ಗಂಟಿನ ಮೇಲೆ ಸುಮಾರು ಅರ್ಧ ತೂಕ ಮಾತ್ರ. ಮರ ಕಡಿಯುವ ಕೆಲಸದವರು ಪ್ರೂಸಿಕ್ ಥರವೇ ಕಚ್ಚುವ ಬ್ಲೇಕ್ ಗಂಟಿನಲ್ಲಿ ಆರಾಮಾಗಿ ಇಳಿಯುವುದು ಅದಕ್ಕೇ.

ಇಳಿಯುವ ಹಗ್ಗ ಎಷ್ಟು ಉದ್ದ ಇರಬೇಕು?

ಲೆಕ್ಕ ಹಾಕೋಣ. ನೀವು ನಿಲ್ಲುವುದು 20 ಅಡಿಯಲ್ಲಿ. ಹಗ್ಗ ಕಟ್ಟುವುದು ತಲೆಗಿಂತ ಮೇಲೆ, ಅಂದರೆ 26 ಅಡಿ. ಒಂದೂವರೆ ಅಡಿ ದಪ್ಪದ ಮರವಾದರೆ ಸುತ್ತಲೂ ಹೆಚ್ಚುಕಡಿಮೆ 5 ಅಡಿ. ಅಲ್ಲಿಗೆ 31. ನೆಲದ ಮೇಲೆ ಬಾಲ, ತುದಿಯ ಗಂಟು ಅಂತ ಇನ್ನೊಂದು 4. ಒಟ್ಟು 35. ನಾನಾದರೆ 40 ಕೊಳ್ಳುತ್ತೇನೆ. ಮರ ಇಳಿಜಾರಿನಲ್ಲಿದ್ದರೆ ಕೆಳಗಿನ ನೆಲ ಇನ್ನೂ ದೂರ ಇರುತ್ತದೆ. ಕೊಂಬೆಯ ಮೇಲಿನ ಜೋಡಿ ಹಗ್ಗವಾದರೆ ಎತ್ತರದ ಎರಡರಷ್ಟು, ಮೇಲೆ ಸ್ವಲ್ಪ.

ಕೆಳಗೆ ಬಂದ ಮೇಲೆ ಮೇಲಿನ ಹಗ್ಗ ಬಿಡಿಸುವುದು ಹೇಗೆ?

ಜೀರುಕುಣಿಕೆಯ ಕಣ್ಣಿಗೆ ಒಂದು ತೆಳು ದಾರ ಕಟ್ಟಿ ನೆಲದವರೆಗೆ ಬಿಟ್ಟಿರಬೇಕು. ಇಳಿದ ಮೇಲೆ ಆ ದಾರ ಎಳೆದರೆ ಕಣ್ಣು ಕೆಳಗೆ ಬರುತ್ತದೆ. ಹಗ್ಗದ ಬಾಲ ಮೇಲೇರಿ, ಕಣ್ಣಿನೊಳಗೆ ನುಗ್ಗಿ, ಕಾಂಡವನ್ನು ಸುತ್ತಿ ಕೆಳಗೆ ಬೀಳುತ್ತದೆ. ಕಣ್ಣಿನ ಜಾಗದಲ್ಲಿ ಲೋಹದ ಕ್ವಿಕ್ ಲಿಂಕ್ (ತಿರುಪಿನಿಂದ ಮುಚ್ಚುವ ಕೊಂಡಿ) ಇದ್ದರೆ ಇನ್ನೂ ನಯವಾಗಿ ಜಾರುತ್ತದೆ. ಗಂಟಿನ ಕಣ್ಣು ತೊಗಟೆಗೆ ಸಿಕ್ಕಿಕೊಳ್ಳುವುದು ಜಾಸ್ತಿ.

ಇಲ್ಲೊಂದು ನನ್ನದೇ ಪೆದ್ದುತನದ ಕಥೆ. ಇಳಿಯುವ ಹಗ್ಗದ ತುದಿಗೆ ತಡೆಗಂಟು ಇರಲೇಬೇಕು, ಇಲ್ಲದಿದ್ದರೆ ಹಗ್ಗ ಗಿಡ್ಡವಾದ ದಿನ ಸಾಧನ ತುದಿಯಿಂದಲೇ ಕಳಚಿಕೊಳ್ಳುತ್ತದೆ. ನಾನೂ ಹಾಕಿದ್ದೆ. ಇಳಿದೆ, ದಾರ ಎಳೆದೆ. ಹಗ್ಗ ಸರಸರ ಮೇಲೇರಿತು, ಅರ್ಧದಲ್ಲಿ ಟಕ್ ಅಂತ ನಿಂತಿತು. ತಡೆಗಂಟು ಬಿಚ್ಚುವುದನ್ನೇ ಮರೆತಿದ್ದೆ. ಅದು ಕಣ್ಣಿನಲ್ಲಿ ಕಚ್ಚಿಕೊಂಡಿತ್ತು. ತಲೆಯ ದೀಪದ ಬೆಳಕಿನಲ್ಲಿ ಆ ಗಂಟು ನೆಟ್ಟಗೆ ಕಾಣುತ್ತಿತ್ತು, ಕೈಗೆ ಮಾತ್ರ ಎಟುಕುತ್ತಿರಲಿಲ್ಲ. ಮಾರನೇ ದಿನ ಮತ್ತೆ ಹತ್ತಿ ಬಿಡಿಸಿಕೊಂಡು ಬಂದೆ. ಈಗ ದಾರಕ್ಕೆ ಕೈ ಹಾಕುವ ಮೊದಲು ತುದಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತೇನೆ.

ಕ್ಯಾರಬೀನರ್ ಯಾವುದಾದರೂ ಆಗುತ್ತಾ?

ಕೀಲಿಗೊಂಚಲಿನದು ಆಗುವುದಿಲ್ಲ! ತಾನಾಗೇ ಲಾಕ್ ಆಗುವ, ಬಲದ ಅಂಕಿ ಕೆತ್ತಿದ ಕ್ಯಾರಬೀನರ್ ಬೇಕು. ಉದ್ದಕ್ಕೆ 22 ಅಥವಾ ಅದಕ್ಕೂ ಜಾಸ್ತಿ ಕಿಲೋನ್ಯೂಟನ್ ತಡೆಯುವುದು, ಅಡ್ಡಕ್ಕೆ ತಿರುಗಿದರೆ 7ರ ಆಸುಪಾಸಿಗೆ ಇಳಿಯುತ್ತದೆ. ಭಾರ ಹಾಕುವ ಮೊದಲು ಅದು ನೆಟ್ಟಗಿದೆಯಾ ಅಂತ ಕಣ್ಣು ಹಾಯಿಸಿ.

ಮಳೆ, ಹಿಮ ಇದ್ದಾಗ?

ಒದ್ದೆ ಹಗ್ಗ ಹೆಪ್ಪುಗಟ್ಟಿದರೆ ಪ್ರೂಸಿಕ್ ಜಾರುತ್ತದೆ, ಲೋಹದ ಸಾಧನವೂ ಜಾರಬಹುದು. ಮತ್ತೊಂದು ಸುತ್ತು ಹಾಕಿ, ಭಾರ ಹಾಕಿ ನೋಡಿ. ಹಗ್ಗ ಐಸಿನ ಕೋಲಾಗಿದ್ದರೆ ಆ ದಿನ ನೆಲದ ಮೇಲೇ ಕೂರಿ. ಮನೆಗೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹೀಟರ್ ಮುಂದೆ ಬೇಡ.

ಹಗ್ಗ ಹಳೆಯದಾಯಿತು ಅಂತ ಹೇಗೆ ಗೊತ್ತಾಗುತ್ತೆ?

ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಹಗ್ಗವನ್ನು ತುದಿಯಿಂದ ತುದಿಗೆ ಬೆರಳ ನಡುವೆ ಎಳೆಯಿರಿ. ಮೆತ್ತಗಿನ ಜಾಗ, ಉಬ್ಬು, ತಗ್ಗು ಸಿಕ್ಕರೆ ನಿಲ್ಲಿಸಿ. ಅಲ್ಲಿ ಹಗ್ಗವನ್ನು ಬಾಗಿಸಿ ಸಣ್ಣ ಬಳೆಯ ಹಾಗೆ ಮಾಡಿ. ದುಂಡಗೆ ಬಾಗಿದರೆ ಸರಿ. ಮಡಿಸಿದ ಕಾಗದದ ಹಾಗೆ ಚಪ್ಪಟೆಯಾಗಿ ಮುರಿದರೆ ಒಳಗಿನ ತಿರುಳು ಹೋಗಿದೆ. ಮೇಣ ಹಚ್ಚಿದಂತೆ ಹೊಳೆಯುವ ಗಟ್ಟಿ ಜಾಗ ಇದ್ದರೆ ಅದು ಬಿಸಿಗೆ ಕರಗಿದ ಗುರುತು. ಕವಚ ಹರಿದು ಬಿಳಿ ತಿರುಳು ಕಂಡರೆ ಯೋಚನೆಯೇ ಬೇಡ, ತುಂಡು ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಎಸೆದರೆ ಯಾರೋ ಎತ್ತಿಕೊಂಡು ಬಳಸುತ್ತಾರೆ.

ಬಳಸದೆ ಇಟ್ಟರೂ ವಯಸ್ಸಾಗುತ್ತದೆ. ಸಾಮಾನ್ಯವಾಗಿ ತಯಾರಕರು 10 ವರ್ಷದ ಮೇಲೆ ಬೇಡ ಅನ್ನುತ್ತಾರೆ. ಕಾರಿನ ಡಿಕ್ಕಿಯಲ್ಲಿ ಬ್ಯಾಟರಿ ಪಕ್ಕ ಇಡಬೇಡಿ. ಆಸಿಡ್ ತಾಗಿದ ಜಾಗ ಕಣ್ಣಿಗೆ ಕಾಣದೇ ಇರಬಹುದು.

ಕಾಲು ಜಾರಿ ಹಗ್ಗದಲ್ಲಿ ನೇತಾಡಿಬಿಟ್ಟರೆ?

ಹಗ್ಗ ಹಿಡಿದಿದೆ, ಸದ್ಯ. ಆದರೆ ಕಾಲು ಅಲುಗಿಸದೆ ಹಾಗೇ ನೇತಾಡಿದರೆ ರಕ್ತ ಕಾಲಲ್ಲೇ ನಿಂತು, ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಲು ಶುರುವಾಗಬಹುದು. ಕಾಲಿನಿಂದ ಮರವನ್ನು ಒದೆಯುತ್ತಾ ಇರಿ. ಒಂದು ಸಣ್ಣ ಕಾಲು ಕುಣಿಕೆ ಜೇಬಲ್ಲಿದ್ದರೆ ಅದನ್ನು ಹಗ್ಗಕ್ಕೆ ಪ್ರೂಸಿಕ್ ಮಾಡಿ ಅದರ ಮೇಲೆ ಎದ್ದು ನಿಲ್ಲಿ. ಇಳಿಯುವ ಸಾಧನ ಮೊದಲಿನಿಂದಲೂ ಹಗ್ಗದಲ್ಲೇ ಇದ್ದರೆ ಇಳಿದುಬಿಡುವುದೇ ಸುಲಭ. ಫೋನ್ ಎದೆಯ ಜೇಬಲ್ಲಿರಲಿ, ಕೊಂಬೆಗೆ ತೂಗುಹಾಕಿದ ಚೀಲದಲ್ಲಲ್ಲ.

ಕೈಯಲ್ಲಿ ದುಡ್ಡು ಕಡಿಮೆ. ಮೊದಲು ಏನು ಕೊಳ್ಳಲಿ?

11 ಮಿ.ಮೀ. ಸ್ಟ್ಯಾಟಿಕ್ ಹಗ್ಗದ ಲೈನ್‌ಮನ್ ಮತ್ತು ಟೆದರ್, ಎರಡಕ್ಕೂ ಪ್ರೂಸಿಕ್, ಒಳ್ಳೆಯ ಕ್ಯಾರಬೀನರ್. ಸ್ಟಿಕ್‌ಗಳಲ್ಲಿ ಹತ್ತಿ ಸ್ಟಿಕ್‌ಗಳಲ್ಲೇ ಇಳಿಯಿರಿ. ಒಂದು ಸೀಸನ್ ಆದ ಮೇಲೆ 40 ಅಡಿ ಹಗ್ಗ, ಅದಕ್ಕೆ ಹೊಂದುವ ತಾನೇ ಕಚ್ಚುವ ಸಾಧನ. ಹಗುರ 8 ಮಿ.ಮೀ. ಆಮೇಲೆ, ಅದೂ ಬೇಕನ್ನಿಸಿದರೆ.

ಹೊಸ ಸಾಮಾನು ಬಂದ ದಿನವೇ ಕಾಡಿಗೆ ಓಡಬೇಡಿ. ಪಾದ ನೆಲದಿಂದ ಎರಡಡಿ ಮೇಲಿರುವಂತೆ ಕಟ್ಟಿಕೊಂಡು ಹತ್ತಿ, ಕೂತು, ಇಳಿದು ನೋಡಿ. ಆಮೇಲೆ ಅದನ್ನೇ ಗ್ಲೋವ್ಸ್ ಹಾಕಿಕೊಂಡು, ದೀಪ ಆರಿಸಿ ಮಾಡಿ. ಯಾವ ಹಗ್ಗ ನಿಮಗೆ ಸರಿ ಅನ್ನುವುದು ಆ ಕತ್ತಲಲ್ಲಿ ಅರ್ಧ ಗಂಟೆಗೇ ಗೊತ್ತಾಗುತ್ತದೆ.

ಬಿಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಬಹುದಾ?

ಬೇಡ. ಹಗ್ಗ ಸಿಕ್ಕಿಕೊಳ್ಳಲು ಅದಕ್ಕಿಂತ ಒಳ್ಳೆಯ ಕೊಕ್ಕೆ ಇಲ್ಲ. ಸಣ್ಣ ದಾರಕ್ಕೆ ಕಟ್ಟಿ ನೆಲದಲ್ಲಿ ಬಿಟ್ಟು, ಮೇಲೆ ಟೆದರ್ ಬಿಗಿದು ಕೂತ ಮೇಲೆ ಎಳೆದುಕೊಳ್ಳಿ. ಇಳಿಯುವಾಗಲೂ ಮೊದಲು ಬಿಲ್ಲು, ಆಮೇಲೆ ನೀವು. ಬಿಲ್ಲನ್ನು ನೀವು ಇಳಿಯುವ ಜಾಗದಿಂದ ಸ್ವಲ್ಪ ಆಚೆಗೆ ಇಳಿಸಿ. ಬಾಣದ ತುದಿಗಳಿಗೆ ಮುಚ್ಚಳ ಹಾಕಿರಲಿ.